ಬಿಎಫ್‌ಸಿ ಮೇಲೆ ಎಷ್ಟು ಆಸೆ ಇಟ್ಟುಕೊಳ್ಳಬಹುದು? ಹಳಬರು ಅನುಭವ ಹೇಳಿ

ಹೊಸ ನೀಲಿ:
2024-25ರ ಸೀಸನ್‌ನಿಂದ ನಮ್ಮೂರ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ನೋಡುತ್ತಿದ್ದೇನೆ. ಅದಕ್ಕೆ ಮುಂಚೆ ಬರೀ ಕ್ರಿಕೆಟ್. ನಾಕೌಟ್‌ನಲ್ಲಿ ಮುಂಬೈ ಸಿಟಿಗೆ 5-0 ಹೊಡೆದಾಗ ಕಪ್ ನಮ್ದೇ ಅಂದುಕೊಂಡೆ. ಆಮೇಲೆ ಕೋಲ್ಕತ್ತಾದ ಫೈನಲ್‌ನಲ್ಲಿ ಮೋಹನ್ ಬಗಾನ್‌ಗೆ ಸೋತದ್ದು ಎಲ್ಲರಿಗೂ ಗೊತ್ತು. ಅವತ್ತಿನಿಂದ ನಮ್ಮ ಗೆಳೆಯರ ನಡುವೆ ಒಂದೇ ಜಗಳ. ಅರ್ಧ ಜನ "ಫೈನಲ್‌ವರೆಗೆ ಹೋದ ತಂಡ, ಮುಂದಿನದು ಗ್ಯಾರಂಟಿ" ಅನ್ನುತ್ತಾರೆ. ಉಳಿದವರು "ಈ ತಂಡಕ್ಕೆ ನಿರೀಕ್ಷೆ ಹೊರುವ ತಾಕತ್ತಿಲ್ಲ, ಸುಮ್ನೆ ಆಸೆ ಪಡಬೇಡ" ಅನ್ನುತ್ತಾರೆ. ಸೀಸನ್ ಶುರುವಾಗುವ ಮುಂಚೆ ನೀವು ಏನು ನೋಡಿ ಅಂದಾಜು ಮಾಡುತ್ತೀರಿ? ತಂಗಿ ಮಗನನ್ನೂ ಮೈದಾನಕ್ಕೆ ಕರೆದುಕೊಂಡು ಬರಬೇಕು ಅಂತಿದೆ. ಸೋತರೆ ಊಟ ಬಿಡುವ ಜಾತಿ ಅವನು.

ವೆಸ್ಟ್ ಬ್ಲಾಕ್ ಹಳೇ ಗಿರಾಕಿ:
ಬಾರಪ್ಪ, ಬಾ. 2013ರಿಂದ ಇದ್ದೇನೆ. ಆಗ ಕಂಠೀರವ ನಮ್ಮ ಮೈದಾನ ಆಗಿರಲಿಲ್ಲ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಪಂದ್ಯ. ಮೊದಲನೇದು ಮೋಹನ್ ಬಗಾನ್ ಜೊತೆ 1-1. ಆ ವರ್ಷ ಯಾರಿಗೂ ಯಾವ ನಿರೀಕ್ಷೆಯೂ ಇರಲಿಲ್ಲ, ಕಂಪನಿಯವರು ಹೊಸದಾಗಿ ಒಂದು ತಂಡ ಮಾಡಿದ್ದಾರಂತೆ, ಸುನಿಲ್ ಛೆಟ್ರಿ ಬಂದಿದ್ದಾನಂತೆ, ನೋಡೋಣ ಅಂತ ಬಂದವರೇ ಜಾಸ್ತಿ. ಕೋಚ್ ಆಶ್ಲೇ ವೆಸ್ಟ್‌ವುಡ್ ಆ ತಂಡವನ್ನು ಮೊದಲ ವರ್ಷವೇ ಐ-ಲೀಗ್ (ಆಗಿನ ದೇಶದ ಮೊದಲ ದರ್ಜೆ ಲೀಗ್) ಗೆಲ್ಲಿಸಿಬಿಟ್ಟರು. ಗೋವಾದಲ್ಲಿ ಡೆಂಪೋಗೆ 4-2 ಹೊಡೆದು ಕಪ್ ಖಾತ್ರಿ ಮಾಡಿಕೊಂಡರು.

ಅಲ್ಲಿಂದ ಇಲ್ಲಿವರೆಗೆ ನಾನು ನೋಡಿರುವುದು ಇಷ್ಟು: ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದಿದ್ದಾಗ ನಮ್ಮವರು ಚೆನ್ನಾಗಿ ಆಡುತ್ತಾರೆ. 2022-23ರಲ್ಲಿ ಅರ್ಧ ಸೀಸನ್ ಕಳೆದಾಗ ಎಲ್ಲರೂ ಕೈಬಿಟ್ಟಿದ್ದರು. ಲೀಗ್‌ನ ಕೊನೆಯ ಎಂಟು ಪಂದ್ಯ ಸಾಲಾಗಿ ಗೆದ್ದು ಫೈನಲ್ ತಲುಪಿದರು. ಅದೇ ಜೋಶ್‌ನಲ್ಲಿ ಮುಂದಿನ ವರ್ಷ ಎಲ್ಲರೂ ಕಪ್ ಮಾತಾಡಿದರು, ಹತ್ತನೇ ಸ್ಥಾನ. ಹತ್ತನೇದಾಗಿದ್ದಕ್ಕೆ 2024-25ರಲ್ಲಿ ಯಾರೂ ಏನೂ ಕೇಳಲಿಲ್ಲ, ಮೂರನೇ ಸ್ಥಾನ, ಮತ್ತೆ ಫೈನಲ್. ಈಗ ನೀನೇ ಅಂದಾಜು ಮಾಡಿಕೊ.

ಲೆಕ್ಕದ ಮೇಷ್ಟ್ರು:
ಹಳೇ ಗಿರಾಕಿಯವರೇ, ನಿಮಗೆ ಬೇಕಾದ ವರ್ಷಗಳನ್ನು ಮಾತ್ರ ಆರಿಸಿಕೊಂಡಿದ್ದೀರಿ. 2015-16ರಲ್ಲಿ ಗೆದ್ದ ಐ-ಲೀಗ್ ಎಲ್ಲಿ ಹೋಯಿತು? 2017-18ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಬಂದಾಗ ನಮ್ಮ ಮೇಲಿದ್ದಷ್ಟು ನಿರೀಕ್ಷೆ ಬೇರೆ ಯಾರ ಮೇಲೂ ಇರಲಿಲ್ಲ. 40 ಅಂಕ ತೆಗೆದು ಮೊದಲ ಸ್ಥಾನ, ಎರಡನೇ ಚೆನ್ನೈಯಿನ್‌ಗಿಂತ 8 ಜಾಸ್ತಿ. ಮೊದಲ ಸ್ಥಾನಕ್ಕೆ ಲೀಗ್ ಶೀಲ್ಡ್ ಕೊಡುವ ಪದ್ಧತಿ ಬಂದದ್ದು 2019-20ರಲ್ಲಿ, ಹಾಗಾಗಿ ಅಷ್ಟು ಆಡಿಯೂ ಆ ಲೀಗ್‌ನಿಂದ ಕಪಾಟಿನಲ್ಲಿ ಇಡೋಕೆ ಏನೂ ಸಿಗಲಿಲ್ಲ. (ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಉರಿಯುತ್ತದೆ, ಇರಲಿ.) ಮುಂದಿನ ವರ್ಷ ಇನ್ನೂ ಜಾಸ್ತಿ ಒತ್ತಡ, ಆದರೂ ಮತ್ತೆ ಮೊದಲ ಸ್ಥಾನ, ಮುಂಬೈನ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ, 117ನೇ ನಿಮಿಷಕ್ಕೆ ರಾಹುಲ್ ಭೇಕೆ ತಲೆಯಿಂದ ಗೋಲು, ಗೋವಾ ವಿರುದ್ಧ 1-0. ನಿರೀಕ್ಷೆ ಹೊರಲಾರದ ತಂಡ ಹೀಗೆ ಆಡುತ್ತದಾ?

ನನ್ನ ಕಣ್ಣಿಗೆ ಬೀಳುವುದೇ ಬೇರೆ. ಸೋತ ಐಎಸ್‌ಎಲ್ ಫೈನಲ್ ಮೂರು. ಮೂರರಲ್ಲೂ ಒಂದಲ್ಲ ಒಂದು ಹೊತ್ತಿನಲ್ಲಿ ನಾವೇ ಮುಂದೆ ಇದ್ದೆವು! 2018ರಲ್ಲಿ ಕಂಠೀರವದಲ್ಲೇ ಛೆಟ್ರಿ 9ನೇ ನಿಮಿಷಕ್ಕೆ ಗೋಲು ಹೊಡೆದರು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗೆ ಎರಡು ಹೆಡರ್ ಹಾಕಿದ, 3-2ಕ್ಕೆ ಮುಗಿಯಿತು. 2023ರಲ್ಲಿ ಗೋವಾದ ಫಟೋರ್ಡಾದಲ್ಲಿ ಬಗಾನ್ ವಿರುದ್ಧ 78ನೇ ನಿಮಿಷಕ್ಕೆ ರಾಯ್ ಕೃಷ್ಣ 2-1 ಮಾಡಿದ, 85ಕ್ಕೆ ಅವರ ಪೆಟ್ರಾಟೋಸ್ ಪೆನಾಲ್ಟಿ, ಶೂಟೌಟ್‌ನಲ್ಲಿ ಸೋತೆವು. 2025ರಲ್ಲಿ ಮತ್ತೆ ಬಗಾನ್, 49ನೇ ನಿಮಿಷಕ್ಕೆ ಅವರದೇ ಸ್ವಂತ ಗೋಲಿನಿಂದ ನಮಗೆ 1-0, 72ಕ್ಕೆ ಅವರ ಕಮಿಂಗ್ಸ್ ಪೆನಾಲ್ಟಿ, ಹೆಚ್ಚುವರಿ ಸಮಯದಲ್ಲಿ ಮೆಕ್ಲಾರೆನ್ ಗೋಲು. ಇನ್ನೂ ಹಿಂದೆ ಹೋಗಿ, 2015ರ ಮೇ 31. ಕಂಠೀರವದಲ್ಲಿ ಬಗಾನ್ ವಿರುದ್ಧ ಗೆದ್ದರೆ ಐ-ಲೀಗ್ ನಮ್ಮದು. ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದೆವು. 87ನೇ ನಿಮಿಷಕ್ಕೆ ಬೆಲ್ಲೊ ರಜಾಕ್ ಹೆಡರ್. 1-1, ಕಪ್ ಕೋಲ್ಕತ್ತಾಗೆ.

ಗೆದ್ದ 2019ರ ಫೈನಲ್‌ನಲ್ಲಿ ಮುನ್ನಡೆ ಕಾಪಾಡಿಕೊಳ್ಳಬೇಕಾಗಿ ಬಂದದ್ದು ಕೊನೆಯ ಮೂರು ನಿಮಿಷ ಮತ್ತು ಇಂಜುರಿ ಟೈಮ್ ಅಷ್ಟೇ. ಹಾಗಾಗಿ ಸೀಸನ್ ಶುರುವಾದಾಗ ನಾನು ಎಷ್ಟು ಗೋಲು ಹೊಡೆದರು ಅಂತ ನೋಡುವುದಿಲ್ಲ. 1-0 ಆದ ಮೇಲೆ ಎಲ್ಲಿ ನಿಂತು ಆಡುತ್ತಾರೆ, ನಮ್ಮದೇ ಪೆನಾಲ್ಟಿ ಬಾಕ್ಸ್ ಹತ್ತಿರಕ್ಕೆ ಸರಿದುಬಿಡುತ್ತಾರಾ, 70 ನಿಮಿಷದ ಮೇಲೆ ಬೆಂಚ್‌ನಿಂದ ಯಾರು ಬರುತ್ತಾರೆ, ಕಾರ್ನರ್‌ನಲ್ಲಿ ಮೊದಲ ಚೆಂಡು ಯಾರ ತಲೆಗೆ ಸಿಗುತ್ತದೆ, ಅದನ್ನೇ ನೋಡುತ್ತೇನೆ.

ವೆಸ್ಟ್ ಬ್ಲಾಕ್ ಹಳೇ ಗಿರಾಕಿ:
ಮೇಷ್ಟ್ರೇ, 2022ರ ಡ್ಯುರಾಂಡ್ ಕಪ್ ಫೈನಲ್ ಬಿಟ್ಟಿರಲ್ಲ. ಮುಂಬೈ ಸಿಟಿ ವಿರುದ್ಧ ಅಲನ್ ಕೋಸ್ಟಾ 61ನೇ ನಿಮಿಷಕ್ಕೆ 2-1 ಮಾಡಿದ, ಅರ್ಧ ಗಂಟೆ ಬಿಗಿಯಾಗಿ ಹಿಡಿದುಕೊಂಡು ಗೆದ್ದರು.

ಲೆಕ್ಕದ ಮೇಷ್ಟ್ರು:
ಒಪ್ಪಿದೆ. ಅದೊಂದು ಆಚೆಗಿಡಿ. ಆದರೆ 2025ರ ಸೆಮಿಫೈನಲ್? ಇಲ್ಲಿ ಗೋವಾಗೆ 2-0 ಹೊಡೆದು ಹೋದವರು ಅಲ್ಲಿ 88ನೇ ನಿಮಿಷದ ಹೊತ್ತಿಗೆ ಆ ಎರಡನ್ನೂ ವಾಪಸ್ ಕೊಟ್ಟಿದ್ದರು. ಇಂಜುರಿ ಟೈಮ್‌ನಲ್ಲಿ ನಲವತ್ತು ದಾಟಿದ ಛೆಟ್ರಿ ಹೆಡರ್ ಹಾಕದೇ ಇದ್ದಿದ್ದರೆ ಕೋಲ್ಕತ್ತಾದ ಫೈನಲ್ ಇರಲಿ, ಅದರ ಟಿಕೆಟ್ ಕೂಡ ಇರುತ್ತಿರಲಿಲ್ಲ.

ಹಲಸೂರು ಕಡೆಯವನು:
ಇಬ್ಬರೂ ಚೆನ್ನಾಗಿ ಹೇಳಿದಿರಿ, ಆದರೆ ಹುಡುಗ ಕೇಳಿದ್ದು ಸೀಸನ್‌ಗೆ ಮುಂಚೆ ಏನು ನೋಡಬೇಕು ಅಂತ. ನಾನು ನೋಡುವುದು ಒಂದೇ. ಯಾರು ಹೋದರು, ಯಾರು ಉಳಿದರು.

2023ರ ಫೈನಲ್ ಆದ ಮೇಲೆ ಏನಾಯಿತು ನೆನಪಿದೆಯಾ? ಸಂದೇಶ್ ಝಿಂಗನ್ ಗೋವಾಗೆ, ಉದಾಂತ ಗೋವಾಗೆ, ರಾಯ್ ಕೃಷ್ಣ ಒಡಿಶಾಗೆ. ಫೈನಲ್ ಆಡಿದ ತಂಡವನ್ನು ನೋಡಿ ಜನ ಆಸೆ ಇಟ್ಟುಕೊಂಡರು, ಆ ತಂಡ ಎಲ್ಲಿತ್ತು ಸ್ವಾಮಿ? ಹಳೇ ವರನ ಜಾತಕ ಇಟ್ಟುಕೊಂಡು ಹೊಸ ವರನ ಜೊತೆ ಮದುವೆ ಮಾಡಿದ ಹಾಗೆ. ಡಿಸೆಂಬರ್‌ಗೆ ಕೋಚ್ ಸೈಮನ್ ಗ್ರೇಸನ್ ಹೋದರು. ಅವರೇ ಹಿಂದಿನ ವರ್ಷ ಡ್ಯುರಾಂಡ್ ಗೆಲ್ಲಿಸಿ ಫೈನಲ್‌ಗೆ ಕರೆದೊಯ್ದವರು. ಒತ್ತಡ ತಡೆಯಲಿಲ್ಲ ಅಂತ ಎಲ್ಲರೂ ಬರೆದರು. ನನಗೆ ಹಾಗನ್ನಿಸಲಿಲ್ಲ. ನಡುಮನೆ ಕಂಬ ತೆಗೆದ ಮೇಲೆ ಮನೆಗೆ ಧೈರ್ಯವಿಲ್ಲ ಅಂದರೆ ಏನು ಹೇಳೋದು.

ಅದಕ್ಕೂ ಮುಂಚೆ 2018-19 ಗೆದ್ದ ತಂಡ ನೋಡಿ. ಹಿಂದೆ ಗುರ್‌ಪ್ರೀತ್, ಅವನ ಮುಂದೆ ಹುವಾನನ್, ನಡುವೆ ದಿಮಾಸ್ ಮತ್ತು ಪಾರ್ಟಲು, ಮುಂದೆ ಮಿಕು, ಛೆಟ್ರಿ. ಹಿಂದಿನ ವರ್ಷ ಫೈನಲ್ ಸೋತವರೂ ಹೆಚ್ಚುಕಡಿಮೆ ಇವರೇ. ಕೋಚ್ ಮಾತ್ರ ಬದಲು, ಅದೂ ಹಿಂದಿನ ಕೋಚ್ ರೋಕಾ ಜೊತೆ ಸಹಾಯಕನಾಗಿದ್ದ ಕ್ವಾದ್ರಾತ್. ಒಂದೇ ನೋವು ತಿಂದ ಗುಂಪು ಮತ್ತೆ ಬಂದಿತು, ಗೆದ್ದಿತು. ಮಿಕು ಹೋದ ಮೇಲೆ ಆ ಜಾಗ ತುಂಬಲು ವರ್ಷಗಟ್ಟಲೆ ಪರದಾಡಿದೆವು. 2020-21ರಲ್ಲಿ ಏಳನೇ ಸ್ಥಾನ. ಕ್ವಾದ್ರಾತ್ ಸೀಸನ್ ನಡುವೆಯೇ ಹೋದರು.

ಹೊಸ ನೀಲಿ, ನಿನ್ನ ಗೆಳೆಯರಿಗೆ ಹೇಳು. ಫೈನಲ್ ಆಡಿದ ಹನ್ನೊಂದು ಜನರ ಪಟ್ಟಿ ಬರೆಯಿರಿ, ಹೋದವರ ಹೆಸರು ಹೊಡೆದು ಹಾಕಿ. ಗೋಲ್‌ಕೀಪರ್, ನಡುವಿನ ಇಬ್ಬರು ಡಿಫೆಂಡರ್, ನಡುಮೈದಾನದ ಒಬ್ಬ, ಮುಂದಿನ ಒಬ್ಬ, ಈ ಐವರಲ್ಲಿ ನಾಲ್ವರು ಉಳಿದಿದ್ದರೆ ಧೈರ್ಯವಾಗಿ ಆಸೆ ಪಡಿ. ಇಬ್ಬರೇ ಉಳಿದಿದ್ದರೆ ಹೊಸ ತಂಡ ಅಂತಲೇ ತಿಳಿದುಕೊಂಡು ನೋಡಿ.

ದೋಹಾ ಕನ್ನಡಿಗ:
ಮೇಷ್ಟ್ರ ಲೆಕ್ಕಕ್ಕೆ ಒಂದು ಸೇರಿಸುತ್ತೇನೆ. 2016ರ ನವೆಂಬರ್ 5, ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್, ಇಲ್ಲೇ ದೋಹಾದಲ್ಲಿ. ಭಾರತದ ಕ್ಲಬ್ ಒಂದು ಆ ಫೈನಲ್‌ಗೆ ಬಂದದ್ದೇ ಮೊದಲು. ಸೆಮಿಯಲ್ಲಿ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್ ವಿರುದ್ಧ ಕಂಠೀರವದಲ್ಲಿ ಮೊದಲು ಗೋಲು ಬಿಟ್ಟುಕೊಟ್ಟು ಆಮೇಲೆ 3-1 ಗೆದ್ದು ಬಂದಿದ್ದರು, ಹಾಗಾಗಿ ಇಲ್ಲಿನ ಕನ್ನಡಿಗರಿಗೆ, ಮಲಯಾಳಿಗಳಿಗೆ, ಬಂಗಾಳಿಗಳಿಗೆ ಎಲ್ಲರಿಗೂ ಅದು ನಮ್ಮ ಪಂದ್ಯ ಅನ್ನಿಸಿತ್ತು. ಆದರೆ ಮೊದಲ ಗೋಲ್‌ಕೀಪರ್ ಅಮರಿಂದರ್ ಕಾರ್ಡ್‌ನಿಂದಾಗಿ ಹೊರಗೆ. ಬದಲಿಗೆ ನಿಂತ ರಾಲ್ಟೆ ಒಳ್ಳೆಯ ಸೇವ್ ಮಾಡಿದ. 70ನೇ ನಿಮಿಷಕ್ಕೆ ಇರಾಕ್‌ನ ಅಲ್ ಕುವ್ವಾ ಅಲ್ ಜವಿಯಾದ ಹಮ್ಮಾದಿ ಅಹ್ಮದ್ ಗೋಲು ಹೊಡೆದ, 0-1.

ಆ ಸೋಲಿಗೆ ನನಗೆ ಬೇಜಾರೇ ಆಗಲಿಲ್ಲ ನೋಡಿ. ಅವರು ನಮಗಿಂತ ಚೆನ್ನಾಗಿದ್ದರು, ಅಷ್ಟೇ. ಕೆಟ್ಟ ಸೋಲು ಬೇರೆ ಇರುತ್ತದೆ. 2025ರ ಜನವರಿಯಲ್ಲಿ ಮನೆಯಲ್ಲೇ ಒಡಿಶಾ ವಿರುದ್ಧ 2-0 ಮುಂದಿದ್ದು 2-3 ಸೋತರಲ್ಲ, ಅದನ್ನು ಮೊಬೈಲ್‌ನಲ್ಲಿ ನೋಡಿ ಆಫೀಸಿನಲ್ಲಿ ಯಾರ ಜೊತೆಗೂ ಮಾತಾಡೋಕೆ ಆಗಲಿಲ್ಲ. ಆ ತಿಂಗಳು ಮೊಹಮ್ಮಡನ್ ವಿರುದ್ಧವೂ ಮನೆಯಲ್ಲೇ ಸೋತಿದ್ದರು. ಸೀಸನ್ ಶುರುವಿನಲ್ಲಿ ಬಗಾನ್‌ಗೆ 3-0 ಹೊಡೆದ ತಂಡವೂ ಅದೇ ಅಲ್ವಾ?

ಗೌತಮಪುರ ಗಲ್ಲಿ:
ಎಲ್ಲರೂ ಛೆಟ್ರಿ ಸುತ್ತಲೇ ತಿರುಗುತ್ತಿದ್ದೀರಿ, ಹಾಗಾಗಿ ನಾನೇ ಹೇಳಬೇಕು. 2024-25ರಲ್ಲಿ ಆತ 14 ಗೋಲು. ಕೇರಳ ಬ್ಲಾಸ್ಟರ್ಸ್ ವಿರುದ್ಧ ನಲವತ್ತನೇ ವಯಸ್ಸಿಗೆ ಹ್ಯಾಟ್ರಿಕ್. ನಾನೂ ಎದ್ದು ಕುಣಿದೆ. ಆದರೆ 1984ರಲ್ಲಿ ಹುಟ್ಟಿದವನ ಮೇಲೆ ಇಡೀ ಸೀಸನ್ ಆಸೆ ಕಟ್ಟುವುದು ಯಾವ ನ್ಯಾಯ? ಅವನು ಗೋಲು ಹೊಡೆಯದಿದ್ದರೆ ಯಾರು ಹೊಡೆಯುತ್ತಾರೆ ಅಂತ ಕೇಳಿ. ಉತ್ತರ ತಡವಾಗಿ ಬಂದರೆ ನಿರೀಕ್ಷೆ ಇಳಿಸಿಕೊಳ್ಳಿ. ಆಸ್ಟ್ರೇಲಿಯಾದ ರಯಾನ್ ವಿಲಿಯಮ್ಸ್ ಈಗ ಭಾರತದ ಪಾಸ್‌ಪೋರ್ಟ್ ತೆಗೆದುಕೊಂಡಿರುವುದು ಒಳ್ಳೆಯದೇ. ಆದರೆ ನಾನು ಕಾಯುವುದು ವಿನೀತ್ ವೆಂಕಟೇಶ್ ಥರದ ಹುಡುಗರಿಗೆ. 2024ರಲ್ಲಿ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧ ಗೋಲು ಹೊಡೆದ ಹುಡುಗ.

ಇನ್ನೊಂದು ಮಾತು. 2023ರ ಮಾರ್ಚ್ 3ರಂದು ಛೆಟ್ರಿ ಫ್ರೀಕಿಕ್ ಗೋಲು, ಅದನ್ನು ಒಪ್ಪದೆ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋದದ್ದು, ಇಡೀ ದೇಶ ಅದನ್ನೇ ಮಾತಾಡುತ್ತಿತ್ತು. ಮಾರನೇ ದಿನ ರಿಯಾದ್‌ನಲ್ಲಿ ನಮ್ಮ ಕರ್ನಾಟಕ ತಂಡ ಮೇಘಾಲಯಕ್ಕೆ 3-2 ಹೊಡೆದು ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಆದ ಮೇಲೆ! ನಮ್ಮ ಕಡೆ ಹಳೇ ಆಟಗಾರರು ಅತ್ತರು. ಆ ತಂಡದ ಮೇಲೆ ಯಾರೂ ನಿರೀಕ್ಷೆ ಇಟ್ಟಿರಲಿಲ್ಲ, ಬಹಳ ಜನಕ್ಕೆ ಪಂದ್ಯ ಇದೆ ಅಂತಲೇ ಗೊತ್ತಿರಲಿಲ್ಲ. ಸ್ವಲ್ಪ ಆಸೆಯನ್ನು ಇತ್ತ ಕಡೆಗೂ ಹಂಚಿ.

ಹೊಸ ನೀಲಿ:
ಹಲಸೂರಿನವರು ಹೇಳಿದ ಪಟ್ಟಿ ಇವತ್ತೇ ಮಾಡುತ್ತೇವೆ. ಒಂದು ಸಣ್ಣ ಅನುಮಾನ. 2025ರಲ್ಲಿ ಲೀಗ್ ಹಕ್ಕಿನ ಜಗಳದಿಂದ ಸೀಸನ್ ಯಾವಾಗ ಶುರು ಅಂತಲೇ ಗೊತ್ತಿಲ್ಲದೆ ತಿಂಗಳುಗಟ್ಟಲೆ ಕಾದೆವಲ್ಲ. ಅಂಥ ಹೊತ್ತಿನಲ್ಲಿ ಈ ಅಂದಾಜು ನಡೆಯುತ್ತದಾ?

ಹಲಸೂರು ಕಡೆಯವನು:
ನಡೆಯುವುದಿಲ್ಲ. ಸರಿಯಾಗಿ ಪ್ರೀಸೀಸನ್ ಇಲ್ಲದಿದ್ದರೆ ಕಾಲು ಮೊದಲು ಸೋಲುತ್ತದೆ. ಮೊದಲ ನಾಲ್ಕೈದು ಪಂದ್ಯದ ಫಲಿತಾಂಶ ಯಾವ ಕಡೆಗೂ ನಂಬಬೇಡ.

ಇಬ್ಬರು ಮಕ್ಕಳ ಅಮ್ಮ:
ಆಟದ ವಿಷಯ ಇವರೆಲ್ಲ ಹೇಳಿದ್ದಾರೆ. ತಂಗಿ ಮಗನ ವಿಷಯಕ್ಕೆ ಯಾರೂ ಬರಲಿಲ್ಲ. ನಮ್ಮ ದೊಡ್ಡವನೂ ಹಾಗೇ ಇದ್ದ, ಸೋತ ದಿನ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಮೊದಲ ಸಲವೇ ಬ್ಲಾಸ್ಟರ್ಸ್ ಪಂದ್ಯಕ್ಕೆ ಕರೆತರಬೇಡಿ. ಜನ ಜಾಸ್ತಿ, ಬೈಗುಳವೂ ಜಾಸ್ತಿ. ಕಟ್ಟಾ ಅಭಿಮಾನಿಗಳ ವೆಸ್ಟ್ ಬ್ಲಾಕ್‌ನಲ್ಲಿ 90 ನಿಮಿಷ ನಿಂತೇ ಇರುತ್ತಾರೆ, ಚಿಕ್ಕವರಿಗೆ ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಕಂಠೀರವದಲ್ಲಿ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಮೈದಾನ ದೂರ, ಹಾಗಾಗಿ ಕೆಳಗಿನ ಸಾಲಿಗಿಂತ ಸ್ವಲ್ಪ ಮೇಲೆ ಕೂತರೆ ಆಟ ಚೆನ್ನಾಗಿ ಅರ್ಥವಾಗುತ್ತದೆ. ಕಬ್ಬನ್ ಪಾರ್ಕ್ ಮೆಟ್ರೋದಿಂದ ನಡೆದುಕೊಂಡೇ ಬರಬಹುದು.

ಮತ್ತೆ ಅವನಿಗೆ "ಗೆಲ್ಲುತ್ತೇವೆ" ಅಂತ ಹೇಳಿ ಕರೆತರಬೇಡಿ. ನಾನು ಮಕ್ಕಳಿಗೆ ಒಬ್ಬೊಬ್ಬ ಆಟಗಾರನನ್ನು ಹಂಚಿಬಿಡುತ್ತೇನೆ, ಪಂದ್ಯ ಪೂರ್ತಿ ಅವನನ್ನೇ ನೋಡಬೇಕು. ಸೋತರೂ ಮನೆಗೆ ಬರುವಾಗ ಹೇಳೋಕೆ ಏನಾದರೂ ಇರುತ್ತದೆ. ನಮ್ಮ ಚಿಕ್ಕವಳು ಗುರ್‌ಪ್ರೀತ್ ಗೋಲ್ ಕಿಕ್ ಯಾವ ಕಡೆ ಹೊಡೆಯುತ್ತಾನೆ ಅಂತ ಎಣಿಸುತ್ತಾಳೆ.

ಲೆಕ್ಕದ ಮೇಷ್ಟ್ರು:
ಆ ಹುಡುಗಿ ಎಣಿಸಿದ್ದನ್ನು ನನಗೂ ಕಳಿಸಿ ಮೇಡಂ, ತಮಾಷೆಗಲ್ಲ. ಮುನ್ನಡೆ ಸಿಕ್ಕ ಮೇಲೆ ಉದ್ದ ಕಿಕ್ ಜಾಸ್ತಿ ಆಗುತ್ತದಾ ಅಂತ ನನಗೆ ಬಹಳ ದಿನದಿಂದ ಅನುಮಾನ.