ಅಕ್ಕಾ, ಆ ಉಯ್ಯಾಲೆ ಫೋಟೋ ಯಾಕೆ ಡಿಲೀಟ್ ಮಾಡಿದಿರಿ?

ಅಕ್ಕಾ, ನಮಸ್ಕಾರ. ಎಲ್ಲರಿಗೂ ನಮಸ್ಕಾರ. ರಾತ್ರಿ ಆ ಫೋಟೋವನ್ನು ಝೂಮ್ ಮಾಡಿ ಮಾಡಿ ನೋಡಿದ್ದೆ. ಬೆಳಿಗ್ಗೆ ಉತ್ತರ ಹಾಕೋಣ ಅಂತ ಬಂದರೆ ಫೋಟೋನೇ ಇಲ್ಲ. ಈ ವಾಯ್ಸ್ ಮೆಸೇಜ್ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಟೈಪ್ ಮಾಡಿದರೆ ಜಗಳಕ್ಕೆ ನಿಂತ ಹಾಗೆ ಕಾಣುತ್ತದೆ ಅಂತ ಮನೆಯಲ್ಲೂ ಹೇಳುತ್ತಾರೆ. ಅದಕ್ಕೆ ಬಾಯಲ್ಲೇ ಹೇಳಿಬಿಡುತ್ತೇನೆ.

ನಿನ್ನೆ ನಮ್ಮ ಈ ಫೋಟೋಗ್ರಫಿ ವಾಟ್ಸಾಪ್ ಗ್ರೂಪ್ ನೋಡದವರಿಗೆ ಹೇಳುವುದಾದರೆ, ಉಯ್ಯಾಲೆ ಮೇಲೆ ಒಂದು ಮಗು ಕೂತಿರುವ ಫೋಟೋ ಅದು. ಮುಖ, ಕೈ, ಫ್ರಾಕು ಎಲ್ಲ ಒಂದು ಬಣ್ಣದ ಗೆರೆಯಾಗಿ ಹರಿದುಹೋಗಿದೆ. ‘ಹೇಗಿದೆ, ನಿಜ ಹೇಳಿ’ ಅಂತ ಅಕ್ಕ ಕೇಳಿದ್ದರು. ಒಂದಷ್ಟು ಹೆಬ್ಬೆರಳು ಬಂದವು, ನಾಲ್ಕು ‘ಸೂಪರ್’ ಬಂದವು. ಆಮೇಲೆ ನಮ್ಮ ಸರ್ ಬರೆದರು, ‘ಶೇಕ್ ಆಗಿದೆ. ಶಟರ್ 1/250 ಇಡಿ, ಇಲ್ಲಾಂದ್ರೆ ಟ್ರೈಪಾಡ್ ಬಳಸಿ.’ ಅಂದರೆ ಶಟರ್ ಸೆಕೆಂಡಿನ 250ನೇ ಒಂದು ಭಾಗದಷ್ಟೇ ತೆರೆದಿರಲಿ ಅಂತ. ಅಷ್ಟೇ, ಫೋಟೋ ಮಾಯ.

ಸರ್, ನೀವು ಹಿರಿಯರು. ಎಕ್ಸ್‌ಪೋಷರ್ ಅಂದರೆ ಕ್ಯಾಮೆರಾದೊಳಗೆ ಬೆಳಕು ಎಷ್ಟು ಬಿಡಬೇಕು ಅನ್ನುವುದು ಅಂತ ನಾನು ಕಲಿತದ್ದೇ ನಿಮ್ಮಿಂದ. ಆದರೆ ಈ ಸಲ ನೀವು ಕಂಬ ನೋಡಲಿಲ್ಲವೇನೋ ಅನ್ನಿಸಿತು. ಎಡಗಡೆ ಇದೆಯಲ್ಲ, ಉಯ್ಯಾಲೆಯ ಕಬ್ಬಿಣದ ಕಂಬ. ಅದರ ತುಕ್ಕು, ಎದ್ದುಬಂದ ಪೇಂಟಿನ ಚಕ್ಕೆ ಎಲ್ಲ ಬಿಡಿಬಿಡಿಯಾಗಿ ಕಾಣುತ್ತಿತ್ತು. ಕೈ ನಡುಗಿದ್ದರೆ ಕಂಬವೂ ನಡುಗಿರಬೇಕಿತ್ತು ಅಲ್ವಾ? ಇಲ್ಲಿ ನಿಂತದ್ದು ನಿಂತಿದೆ, ಓಡಿದ್ದು ಓಡಿದೆ. ಅಂದರೆ ಕ್ಯಾಮೆರಾ ಗಟ್ಟಿಯಾಗಿಯೇ ಕೂತಿತ್ತು. ಅಕ್ಕ ಬೇಕಂತಲೇ ಶಟರ್ ನಿಧಾನ ಮಾಡಿದ್ದಾರೆ, ಹೆಚ್ಚು ಹೊತ್ತು ತೆರೆದಿಟ್ಟಿದ್ದಾರೆ. ಬಹುಶಃ ಟ್ರೈಪಾಡ್ ಮೇಲೇ ಇಟ್ಟಿದ್ದರೇನೋ. ಪಾಪ, ಅವರಿಗೇ ಟ್ರೈಪಾಡ್ ಬಳಸಿ ಅಂದ ಹಾಗಾಯಿತು!

ಕ್ರಿಯೇಟಿವ್ ಫೋಟೋಗಳಲ್ಲಿ ಇದೇ ತಾಪತ್ರಯ. ಕೈತಪ್ಪಿ ಆದದ್ದೂ ಬೇಕಂತ ಮಾಡಿದ್ದೂ ಮೇಲ್ನೋಟಕ್ಕೆ ಒಂದೇ ಥರ. ಹಕ್ಕಿ ಫೋಟೋ ಸ್ಪಷ್ಟವಾಗಿ ಬರಲಿ ಅಂತ ಹೇಳುವ ಮಾತನ್ನೇ ಇದಕ್ಕೂ ಹೇಳಿದರೆ ಸರಿಹೋಗುವುದಿಲ್ಲ. ರಾಬರ್ಟ್ ಫ್ರಾಂಕ್ ಅನ್ನುವ ಫೋಟೋಗ್ರಾಫರ್ 1950ರ ದಶಕದಲ್ಲಿ ಅಮೆರಿಕವೆಲ್ಲ ಸುತ್ತಿ ಸಾವಿರಾರು ಫ್ರೇಮ್ ತೆಗೆದು, ಕೊನೆಗೆ 83 ಮಾತ್ರ ಆರಿಸಿ ಪುಸ್ತಕ ಮಾಡಿದರು. ಆಗ ಅಲ್ಲಿನ ಫೋಟೋಗ್ರಫಿ ಪತ್ರಿಕೆಯವರು ಬೈದದ್ದೂ ಇದಕ್ಕೇ. ಮಸುಕು, ಗ್ರೇನ್ ಅನ್ನುವ ಕಾಳುಕಾಳು, ಕುಡಿದವರ ಹಾಗೆ ವಾಲಿದ ದಿಗಂತ ಅಂತ. ಆಮೇಲೆ ಅದೇ ಪುಸ್ತಕ ನೋಡಿ ಎಷ್ಟೋ ಜನ ಫೋಟೋಗ್ರಫಿಗೆ ಬಂದರು. ಹಾಗಂತ ಅಲ್ಲಾಡಿದ್ದೆಲ್ಲ ಫ್ರಾಂಕ್ ಆಗಿಬಿಡುವುದಿಲ್ಲ ಬಿಡಿ. ನನ್ನ ಹಾರ್ಡ್ ಡಿಸ್ಕಿನಲ್ಲಿ ಅಂಥವು ರಾಶಿ ಬಿದ್ದಿವೆ. ಎಲ್ಲ ಬರೀ ಅಲ್ಲಾಡಿದವು.

ಅಕ್ಕಾ, ನಿಜ ಹೇಳಿ ಅಂದಿದ್ದಿರಲ್ಲ, ಈಗ ಹೇಳುತ್ತೇನೆ. ನನ್ನ ಕಣ್ಣು ಮೊದಲು ಹೋದದ್ದು ಮಗುವಿನ ಮೇಲಲ್ಲ. ಬಲಗಡೆ ಮೇಲಿನ ಮೂಲೆಯಲ್ಲಿ, ಎಲೆಗಳ ಸಂದಿಯಲ್ಲಿ, ಆಕಾಶದ ಒಂದು ಬಿಳಿ ತುಂಡು ಇತ್ತು. ಕಣ್ಣು ಅಲ್ಲಿಗೆ ಹೋಯಿತು, ಮಗುವಿನ ಹತ್ತಿರ ಬಂತು, ಮತ್ತೆ ಅಲ್ಲಿಗೇ ಓಡಿತು. ಸುಮ್ನೆ ಹೆಬ್ಬೆರಳಿನಿಂದ ಆ ಮೂಲೆ ಮುಚ್ಚಿ ನೋಡಿದೆ. ಮುಚ್ಚಿದ್ದೇ ತಡ, ಮಗು ಹಾರಿತು! ಬೆರಳು ತೆಗೆದರೆ ಮತ್ತೆ ಅಲ್ಲೇ ಕೂತುಬಿಡುತ್ತಿತ್ತು. ಮೂರು ನಾಲ್ಕು ಸಲ ಹಾಗೇ ಮಾಡಿದೆ, ಮಕ್ಕಳ ಆಟದ ಹಾಗೆ.

ಆ ತುಂಡು ಯಾಕೆ ಅಷ್ಟು ಬೆಳ್ಳಗಾಯಿತು ಅಂತಲೂ ನಿಮಗೆ ಗೊತ್ತೇ ಇರುತ್ತದೆ. ನೀವು ಶಟರ್ ಇಟ್ಟದ್ದು 1/8 ಸೆಕೆಂಡ್ ಅಂತ ಇಟ್ಟುಕೊಳ್ಳೋಣ. 1/250ರಿಂದ 1/8ಕ್ಕೆ ಇಳಿದರೆ ಐದು ಸ್ಟಾಪ್. ಒಂದೊಂದು ಸ್ಟಾಪಿಗೂ ಬೆಳಕು ಎರಡರಷ್ಟಾಗುತ್ತದೆ, ಅಂದರೆ ಒಟ್ಟು ಸುಮಾರು 32 ಪಟ್ಟು ಬೆಳಕು. ಐಎಸ್‌ಒ ಅನ್ನುವ ಬೆಳಕಿನ ಸೂಕ್ಷ್ಮತೆ ಇಳಿಸಿ, ಅಪರ್ಚರ್ ಅನ್ನುವ ಲೆನ್ಸಿನ ಕಿಂಡಿ ಕಿರಿದು ಮಾಡಿ ಅದನ್ನು ಸರಿದೂಗಿಸಬೇಕು. ಹಗಲು ಹೊತ್ತಿನಲ್ಲಿ ಅದಕ್ಕೂ ಒಂದು ಮಿತಿ ಇದೆ. ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಗಾಜು, ಇದ್ದರೆ ಹಾಕಬಹುದು, ಇಲ್ಲದಿದ್ದರೆ ಬಿಸಿಲು ಇಳಿದ ಮೇಲೆ ಹೋಗಬೇಕು. ಈಗ ತೆಗೆದಾಗಿದೆ, ಏನು ಮಾಡುವುದು? ಪೂರ್ತಿ ಸುಟ್ಟುಹೋದ ಬಿಳುಪನ್ನು ಕಪ್ಪು ಮಾಡಲು ಹೋದರೆ ಬೂದಿ ಬಣ್ಣದ ತೇಪೆ ಹಾಕಿದ ಹಾಗಾಗುತ್ತದೆ. ನಾನಾಗಿದ್ದರೆ ಬಲಗಡೆ ಸ್ವಲ್ಪ ಕ್ರಾಪ್ ಮಾಡುತ್ತಿದ್ದೆ, ಅಂದರೆ ಆ ಅಂಚು ಕತ್ತರಿಸಿಬಿಡುತ್ತಿದ್ದೆ. ಆದರೆ ಅದು ನನ್ನ ಮದ್ದು, ನೀವು ತೆಗೆದುಕೊಳ್ಳಲೇಬೇಕು ಅಂತಿಲ್ಲ. ಕಣ್ಣು ಮೂಲೆಗೆ ಓಡಿದ್ದು ಮಾತ್ರ ನಿಜ. ಅದನ್ನು ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಅಷ್ಟೆಲ್ಲ ಹರಿದುಹೋದ ಬಣ್ಣದ ಕೆಳಗೆ ಒಂದು ಪುಟ್ಟ ಪಾದ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ನೆಲಕ್ಕೆ ಒತ್ತಿ ಜೀಕಿಕೊಳ್ಳುತ್ತಿದೆ. ನೆಲಕ್ಕೆ ಊರಿದ್ದರಿಂದ ಆ ಒಂದು ಕ್ಷಣ ಅದು ಕದಲಿಲ್ಲ, ಮೇಲಿನದೆಲ್ಲ ಓಡಿತು. ಬೆರಳುಗಳು ಮಡಚಿ ಮಣ್ಣಿಗೆ ಕಚ್ಚಿಕೊಂಡಿರುವುದು ಕೂಡ ಗೊತ್ತಾಗುತ್ತಿತ್ತು. ನನಗೆ ಆ ಫೋಟೋ ಅಂದರೆ ಆ ಪಾದವೇ. ನೀವು ಅದನ್ನು ನೋಡಿಯೇ ಒತ್ತಿದಿರಾ, ಇಲ್ಲ ತಾನಾಗಿ ಸಿಕ್ಕಿತಾ? ನಿಮಗೆ ಮುಖ ಬೇಕಿತ್ತು ಅಂತಾದರೆ ಬೇರೆ ಮಾತು. ಆಗ ಉಯ್ಯಾಲೆ ತುದಿಗೆ ಹೋಗಿ ವಾಪಸ್ ತಿರುಗುವಾಗ ಒತ್ತಬೇಕು. ಅಲ್ಲಿ ಒಂದು ಗಳಿಗೆ ನಿಂತ ಹಾಗಾಗುತ್ತದೆ.

‘ಸೂಪರ್’ ಅಂದವರೇ, ನಿಮ್ಮ ಮೇಲೂ ನನಗೆ ಸ್ವಲ್ಪ ತಕರಾರಿದೆ. ನಾನೂ ಎಷ್ಟೋ ಸಲ ಹಾಗೇ ಹಾಕಿದ್ದೇನೆ, ಬಸ್ಸಿನಲ್ಲಿ ಕೂತು, ಫೋಟೋ ದೊಡ್ಡದು ಮಾಡಿಯೂ ನೋಡದೆ. ಸರ್ ಒಬ್ಬರಾದರೂ ನೋಡಿ ಒಂದು ಮಾತು ಬರೆದರು.

ಹೇಳಿಸಿಕೊಳ್ಳುವುದು ಇನ್ನೂ ಕಷ್ಟ ಬಿಡಿ. ಒಂದು ಸಲ ನಾನು ಡಬಲ್ ಎಕ್ಸ್‌ಪೋಷರ್ ಒಂದನ್ನು, ಅಂದರೆ ಒಂದರ ಮೇಲೊಂದು ಎರಡು ಚಿತ್ರ ಬಂದ ಫೋಟೋವನ್ನು, ಇನ್ನೊಂದು ಗ್ರೂಪಿನಲ್ಲಿ ಹಾಕಿದ್ದೆ. ಮುಖದ ಮೇಲೆ ಮರದ ಕೊಂಬೆಗಳು. ಜೊತೆಗೆ ಒಂದು ಪುಟ ವಿವರಣೆ ಬೇರೆ, ನೆನಪು, ಬೇರು, ಒಂಟಿತನ, ಏನೇನೋ. ಒಬ್ಬರು ಕೇಳಿದರು, ‘ಕಣ್ಣಿನ ಮೇಲೇ ಯಾಕೆ ಕೊಂಬೆ ಬಂದಿದೆ?’ ನನಗೆ ಉರಿದುಹೋಯಿತು. ಎರಡು ದಿನ ವಾದ ಮಾಡಿದೆ. ತಿಂಗಳಾದ ಮೇಲೆ ಆ ಫೋಟೋ ತೆಗೆದು ನೋಡಿದರೆ ನನಗೂ ಕೊಂಬೆಯೇ ಕಾಣಬೇಕೇ! ಈಗ ವಿವರಣೆ ಮೊದಲೇ ಬರೆಯುವುದಿಲ್ಲ. ನೋಡಿದವರು ಏನು ಕಂಡಿತು ಅಂತ ಹೇಳಲಿ, ಆಮೇಲೆ ನಾನು ಏನು ಮಾಡಲು ಹೊರಟಿದ್ದೆ ಅಂತ ಹೇಳುತ್ತೇನೆ. ಎರಡಕ್ಕೂ ನಡುವೆ ಎಷ್ಟು ದೂರ ಇದೆ ಅಂತ ಅಲ್ಲಿ ಗೊತ್ತಾಗಿಬಿಡುತ್ತದೆ. ಕ್ರಾಪು, ಶಟರ್ ಸ್ಪೀಡು ಎಲ್ಲ ಅದಾದ ಮೇಲಿನ ಮಾತು. ಮತ್ತೆ ‘ನಿಜ ಹೇಳಿ’ ಅಂತ ಕೇಳುವುದಕ್ಕಿಂತ ‘ಮುಖ ಕಾಣದಿದ್ದರೂ ಮಗುವಿನ ಖುಷಿ ಗೊತ್ತಾಗುತ್ತಾ’ ಅಂತ ಕೇಳಿ ನೋಡಿ ಅಕ್ಕಾ. ಜನ ಉತ್ತರ ಕೊಡುವುದೇ ಬೇರೆ ಥರ ಇರುತ್ತದೆ.

ಈಗ ಆ ಫೋಟೋ ಮತ್ತೆ ಹಾಕಿ. ಡಾಕ್ಯುಮೆಂಟ್ ಆಗಿ ಕಳಿಸಿ, ಮಾಮೂಲಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿಬಿಡುತ್ತದೆ. ಹಿಂದಿನ ಮುಂದಿನ ಫ್ರೇಮುಗಳೂ ಇದ್ದರೆ ಹಾಕಿ, ಆ ಉಯ್ಯಾಲೆಗೆ ನೀವು ಒಂದೇ ಸಲ ಒತ್ತಿ ಬಂದಿರಲಿಕ್ಕಿಲ್ಲ. ಸರ್, ನೀವೂ ಇನ್ನೊಮ್ಮೆ ನೋಡಿ. ಆ ಬಿಳಿ ತುಂಡಿಗೆ ಕ್ರಾಪ್ ಬಿಟ್ಟು ಬೇರೆ ಏನಾದರೂ ದಾರಿ ಇದ್ದರೆ ಹೇಳಿ, ನನಗೆ ಹೊಳೆಯುತ್ತಿಲ್ಲ.