ವೈರಸ್ ಬೆಳೆಸಲು ಕಾವಿಗಿಟ್ಟ ಮೊಟ್ಟೆಯೇ ಏಕೆ ಬೇಕು?

ಪ್ರಶ್ನೆ: ಜೀವಶಾಸ್ತ್ರ ಅಧ್ಯಾಪಕಿ, ಬದಿಯಡ್ಕ

ಪ್ಲಸ್ ಟು ತರಗತಿಯಲ್ಲಿ ಲಸಿಕೆಗಳ ಪಾಠ ಮಾಡುವಾಗ, ಇನ್‌ಫ್ಲುಯೆಂಜಾ ಲಸಿಕೆಗೆ ಬೇಕಾದ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ ಎಂದು ಹೇಳಿದೆ. ಬ್ಯಾಕ್ಟೀರಿಯಾದಂತೆ ಅದನ್ನೂ ಅಗರ್ ತಟ್ಟೆಯಲ್ಲಿ ಬೆಳೆಸಬಾರದೇಕೆ, ಅಂಗಡಿಯ ಮೊಟ್ಟೆ ಆಗದೇ, ಒಳಗಿನ ಮರಿಯ ಗತಿಯೇನು ಎಂದು ಮಕ್ಕಳು ಕೇಳಿದರು. ವೈರಸ್ ಜೀವಂತ ಕೋಶದ ಒಳಗೆ ಮಾತ್ರ ವೃದ್ಧಿಯಾಗುತ್ತದೆ ಎಂದು ಮೊದಲನೆಯದಕ್ಕೆ ಉತ್ತರಿಸಿದೆ. ಉಳಿದವಕ್ಕೆ ಪಠ್ಯಪುಸ್ತಕದ ಒಂದು ಸಾಲು ಸಾಲುವುದಿಲ್ಲ. ಈ ಕೆಲಸ ಬಲ್ಲವರು ವಿವರಿಸಿದರೆ ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಹಾಗೆಯೇ ಓದಿಹೇಳುತ್ತೇನೆ.

ಉತ್ತರ: ಪಶುವೈದ್ಯ, ಕುಂಬಳೆ

ಟೀಚರ್, ಅಂಗಡಿಗೆ ಬರುವ ಫಾರಂ ಮೊಟ್ಟೆಯನ್ನು ಇಡುವ ಕೋಳಿಗಳ ಜೊತೆ ಹುಂಜ ಇರುವುದಿಲ್ಲ. ಆದ್ದರಿಂದ ಅದರಲ್ಲಿ ಭ್ರೂಣವಿಲ್ಲ, ವೈರಸ್ಸಿಗೆ ಆಶ್ರಯ ಕೊಡುವ ಕೋಶಗಳೂ ಇಲ್ಲ. ಫಲಿತ ಮೊಟ್ಟೆಯನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನ ಕಾವಿನಲ್ಲಿ ಇಟ್ಟಾಗ ಮಾತ್ರ ಅದು ಪ್ರಯೋಗಾಲಯಕ್ಕೆ ಒದಗುತ್ತದೆ.

ಮಕ್ಕಳಿಗೆ ಮುಖ್ಯವಾಗಿ ತಿಳಿಸಬೇಕಾದದ್ದು, ಮೊಟ್ಟೆಯ ಒಳಗೆ ಬೇರೆ ಬೇರೆ ವೈರಸ್ಸಿಗೆ ಬೇರೆ ಬೇರೆ ಜಾಗ ಇದೆ ಎಂಬುದನ್ನು. ಭ್ರೂಣ ಬೆಳೆದಂತೆ ಅದರ ಸುತ್ತ ಪೊರೆಗಳೂ ದ್ರವ ತುಂಬಿದ ಚೀಲಗಳೂ ರೂಪುಗೊಳ್ಳುತ್ತವೆ. ಇನ್‌ಫ್ಲುಯೆಂಜಾ ಮತ್ತು ಕೋಳಿಗಳ ರಾಣಿಖೇತ್ ರೋಗದ ವೈರಸ್‌ಗಳನ್ನು 9ರಿಂದ 11 ದಿನ ಕಾವಿನಲ್ಲಿದ್ದ ಮೊಟ್ಟೆಯ ಅಲಾಂಟಾಯಿಕ್ ಚೀಲಕ್ಕೆ ಸೇರಿಸುತ್ತಾರೆ. ಆ ಚೀಲದ ಒಳಪದರದ ಕೋಶಗಳಲ್ಲಿ ಅವು ವೃದ್ಧಿಯಾಗಿ ದ್ರವಕ್ಕೆ ಇಳಿಯುತ್ತವೆ. ಸಿಡುಬಿನ ಬಳಗದ ವೈರಸ್‌ಗಳನ್ನು ಚಿಪ್ಪಿನ ಒಳಭಾಗಕ್ಕೆ ತಾಗಿಕೊಂಡಿರುವ ಕೋರಿಯೋಅಲಾಂಟಾಯಿಕ್ ಪೊರೆಯ ಮೇಲೆ ಬೆಳೆಸಿದರೆ, ಅಲ್ಲಿ ಏಳುವ ಬಿಳಿ ಚುಕ್ಕೆಗಳು ಬರಿಗಣ್ಣಿಗೇ ಕಾಣುತ್ತವೆ. 1931ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಆಲಿಸ್ ವುಡ್ರಫ್ ಮತ್ತು ಅರ್ನೆಸ್ಟ್ ಗುಡ್‌ಪಾಸ್ಚರ್ ಇದೇ ಪೊರೆಯ ಮೇಲೆ ಕೋಳಿಸಿಡುಬಿನ ವೈರಸ್ಸನ್ನು ಬೆಳೆಸಿದ್ದರು. ಭ್ರೂಣಕ್ಕೆ ಇನ್ನೂ ರೋಗನಿರೋಧಕ ಶಕ್ತಿ ಪಕ್ವವಾಗಿರುವುದಿಲ್ಲ, ಗಟ್ಟಿ ಚಿಪ್ಪು ಹೊರಗಿನ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಇವೆರಡೂ ವೈರಸ್ ಬೆಳೆಸುವವರಿಗೆ ಅನುಕೂಲ.

ಮರಿಯ ವಿಷಯವನ್ನು ಮುಚ್ಚಿಡದೆ ಹೇಳಬೇಕು. ವೈರಸ್ ಬೆಳೆದ ಮೇಲೆ ಮೊಟ್ಟೆಯನ್ನು ಸುಮಾರು 4 ಡಿಗ್ರಿ ತಂಪಿನಲ್ಲಿ ಒಂದು ರಾತ್ರಿ ಇಡುತ್ತಾರೆ. ಭ್ರೂಣ ಅಲ್ಲಿಯೇ ಸಾಯುತ್ತದೆ, ರಕ್ತನಾಳಗಳು ಕುಗ್ಗುವುದರಿಂದ ದ್ರವ ತೆಗೆಯುವಾಗ ರಕ್ತ ಬೆರೆಯುವುದು ಕಡಿಮೆ. ಆ ಮೊಟ್ಟೆಯಿಂದ ಮರಿ ಹೊರಬರುವುದಿಲ್ಲ.

ವೈರಸ್ ಬೆಳೆದಿದೆಯೇ ಎಂದು ತಿಳಿಯುವ ವಿಧಾನ ನನಗೆ ಇಂದಿಗೂ ಬಲು ಸುಂದರವಾಗಿ ತೋರುತ್ತದೆ. ದ್ರವವನ್ನು ಕೋಳಿಯ ಕೆಂಪು ರಕ್ತಕಣಗಳೊಂದಿಗೆ ಬೆರೆಸಿ ಸಣ್ಣ ಕುಳಿಗಳಿರುವ ತಟ್ಟೆಯಲ್ಲಿ ಇಡುತ್ತಾರೆ. ವೈರಸ್ ಇಲ್ಲದಿದ್ದರೆ ಕಣಗಳು ಜಾರಿ ಕುಳಿಯ ತಳದಲ್ಲಿ ಕೆಂಪು ಬೊಟ್ಟಾಗಿ ಕೂರುತ್ತವೆ. ಇದ್ದರೆ ಅದು ಕಣಗಳನ್ನು ಒಂದಕ್ಕೊಂದು ಹೆಣೆದು, ತಳದ ತುಂಬ ತೆಳುವಾಗಿ ಹರಡಿ ನಿಲ್ಲಿಸುತ್ತದೆ. 1941ರಲ್ಲಿ ಜಾರ್ಜ್ ಹರ್ಸ್ಟ್ ಇನ್‌ಫ್ಲುಯೆಂಜಾ ವೈರಸ್ಸಿನ ಈ ಗುಣವನ್ನು ವರದಿ ಮಾಡಿದರು.

ಉತ್ತರ: ಪ್ರಯೋಗಾಲಯ ತಂತ್ರಜ್ಞೆ, ಕಾಸರಗೋಡು

ಡಾಕ್ಟರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಊರಕೋಳಿಯ ಮೊಟ್ಟೆಯಲ್ಲಿ ಭ್ರೂಣವಿದ್ದರೂ ಈ ಕೆಲಸಕ್ಕೆ ಅದು ಸಲ್ಲದು. ತಾಯಿಕೋಳಿಗೆ ಲಸಿಕೆ ಹಾಕಿದ್ದರೆ ಅಥವಾ ರೋಗ ಬಂದುಹೋಗಿದ್ದರೆ ಅದರ ಪ್ರತಿಕಾಯಗಳು ಹಳದಿ ಭಾಗದಲ್ಲಿ ಸೇರಿರುತ್ತವೆ, ಕೆಲವೊಮ್ಮೆ ಬೇರೊಂದು ವೈರಸ್ಸೇ ಮೊಟ್ಟೆಯೊಳಗೆ ಇರಬಹುದು. ಆದ್ದರಿಂದ ಸಂಶೋಧನೆಗೂ ಹಲವು ಲಸಿಕೆಗಳಿಗೂ, ಗೊತ್ತುಪಡಿಸಿದ ರೋಗಾಣುಗಳಿಂದ ಮುಕ್ತವೆಂದು ಪರೀಕ್ಷಿಸಿದ ಪ್ರತ್ಯೇಕ ಹಿಂಡಿನ ಮೊಟ್ಟೆಗಳನ್ನೇ ಬಳಸುತ್ತಾರೆ.

ಮೊಟ್ಟೆಯಿಂದ ಬಂದ ಲಸಿಕೆ ಎಂದ ಮಾತ್ರಕ್ಕೆ ಎಲ್ಲವನ್ನೂ ಒಂದೇ ರೀತಿ ತಯಾರಿಸುವುದಿಲ್ಲ. ಇನ್‌ಫ್ಲುಯೆಂಜಾಕ್ಕೆ ಚೀಲದ ದ್ರವ ಸಾಕು. ಮ್ಯಾಕ್ಸ್ ಥೈಲರ್ ಅಭಿವೃದ್ಧಿಪಡಿಸಿದ ಹಳದಿ ಜ್ವರದ ಲಸಿಕೆಗೆ ಭ್ರೂಣವನ್ನೇ ಅರೆದು ಬಳಸುತ್ತಾರೆ. ಅವರಿಗೆ 1951ರಲ್ಲಿ ನೊಬೆಲ್ ಬಹುಮಾನ ಬಂತು. ನಾಯಿ ಕಚ್ಚಿದಾಗ ಕೊಡುವ ರೇಬೀಸ್ ಲಸಿಕೆಗಳಲ್ಲಿ ಒಂದು ಬಗೆಗೆ, ಭ್ರೂಣದಿಂದ ಬಿಡಿಸಿದ ಕೋಶಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ ಆ ಕೋಶಗಳಿಗೆ ವೈರಸ್ ಸೇರಿಸುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಹಲವು ವರ್ಷ ಕೊಡುತ್ತಿದ್ದ ಲಸಿಕೆಯೂ ಕೋಳಿಭ್ರೂಣದ ಕೋಶಗಳಲ್ಲಿ ತಯಾರಾದದ್ದೇ.

ಮೊಟ್ಟೆಯ ಮಿತಿಯನ್ನೂ ಹೇಳಿಬಿಡಿ. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಮೊಟ್ಟೆಗೆ ಹೊಂದಿಕೊಳ್ಳುವಾಗ ತನ್ನ ಮೇಲ್ಮೈಯ ಪ್ರೋಟೀನನ್ನು ತುಸು ಬದಲಿಸಿಕೊಳ್ಳಬಹುದು. ಆಗ ಲಸಿಕೆ ಊರಲ್ಲಿ ಹರಡುತ್ತಿರುವ ವೈರಸ್ಸಿಗೆ ಪೂರ್ತಿ ಹೊಂದದೇ ಹೋಗುತ್ತದೆ. ಈಗ ಕೆಲವು ತಯಾರಕರು ಮೊಟ್ಟೆಯ ಬದಲು ಸಸ್ತನಿ ಕೋಶಗಳನ್ನು ಬಳಸುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಶಾಲೆಯಲ್ಲಿ ಇದರ ಯಾವುದಾದರೂ ಭಾಗವನ್ನು ಅಪಾಯವಿಲ್ಲದೆ ತೋರಿಸಲು ಸಾಧ್ಯವೇ?

ಉತ್ತರ: ಪಶುವೈದ್ಯ, ಕುಂಬಳೆ

ವೈರಸ್ಸಿನ ಕೆಲಸವನ್ನು ಶಾಲೆಯಲ್ಲಿ ಖಂಡಿತ ಮಾಡಬಾರದು, ಟೀಚರ್. ಆದರೆ ಪ್ರಯೋಗಾಲಯದಲ್ಲಿ ಮೊಟ್ಟೆ ಆರಿಸುವ ಮೊದಲ ಹಂತವನ್ನು ತೋರಿಸಬಹುದು. ಯಾವುದಾದರೂ ಮಗುವಿನ ಮನೆಯಲ್ಲಿ ಹೇಂಟೆಯನ್ನು ಕಾವಿಗೆ ಕೂರಿಸಿದ್ದರೆ, ಏಳೆಂಟನೆಯ ದಿನ ಒಂದು ಮೊಟ್ಟೆಯನ್ನು ಕತ್ತಲ ಕೋಣೆಗೆ ತಂದು ಅದರ ದಪ್ಪ ತುದಿಗೆ ಟಾರ್ಚ್ ಹಿಡಿಯಿರಿ. ಫಲಿತವಾಗಿದ್ದರೆ ಕವಲೊಡೆದ ಕೆಂಪು ರಕ್ತನಾಳಗಳೂ, ನಡುವೆ ಆಗಾಗ ಅಲುಗುವ ಕಪ್ಪು ಚುಕ್ಕೆಯೂ ಕಾಣುತ್ತವೆ; ಆ ಚುಕ್ಕೆಯೇ ಭ್ರೂಣದ ಕಣ್ಣು. ಪಕ್ಕದಲ್ಲಿ ಅಂಗಡಿಯ ಮೊಟ್ಟೆಯನ್ನೂ ಹಿಡಿದರೆ, ಒಳಗೆ ಏನೂ ಇಲ್ಲದೆ ಬರೀ ಬೆಳಗುವುದನ್ನು ಕಂಡು ಮಕ್ಕಳ ಎರಡನೆಯ ಪ್ರಶ್ನೆಗೆ ಅವರೇ ಉತ್ತರ ಕೊಡುತ್ತಾರೆ. ಕಾವಿನ ಮೊಟ್ಟೆ ತಣ್ಣಗಾಗುವ ಮೊದಲೇ ಅದನ್ನು ಹೇಂಟೆಯ ಅಡಿಗೆ ಮರಳಿಸಿ, ಎಲ್ಲರೂ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಲಿ.