ತಣ್ಣೀರು ಸುಡುತ್ತೆ ಅಂದ್ರೆ ನಂಬು ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ರಾತ್ರಿ ಮೀನು ತಿಂದ ಮೇಲೆ ನಿನ್ನ ಗಂಡನಿಗೆ ವಾಂತಿ ಆಯ್ತು, ಈಗ ತುಟಿ, ಬೆರಳು ಜುಮ್ ಅನ್ನುತ್ತಿವೆ, ತಣ್ಣೀರು ಮುಟ್ಟಿದರೆ ಸುಡುತ್ತೆ ಅಂತಾನೆ ಅಂತ ಬರೆದಿದ್ದೀಯ. ಉಳಿದ ಮೀನನ್ನು ಇನ್ನೊಂದು ಸಲ ಚೆನ್ನಾಗಿ ಕುದಿಸಿದರೆ ಸಾಕಾ ಅಂತ ಕೇಳಿದ್ದೀಯ. ಸಾಕಾಗಲ್ಲ ಕಣೇ. ಅದು ಕುದಿಸಿದರೆ ಹೋಗೋ ವಿಷ ಅಲ್ಲ.

ತಣ್ಣೀರಿನ ಮಾತು ಓದಿದ ಕೂಡಲೇ ನಿಮ್ಮ ದೊಡ್ಡಪ್ಪ ಕಣ್ಣ ಮುಂದೆ ಬಂದರು. ಅವರ ಸ್ವಭಾವ ನಿಮಗೆಲ್ಲ ಗೊತ್ತಲ್ಲ, ಜ್ವರ ಬಂದರೂ ಬಾಯಿ ಬಿಡೋರಲ್ಲ. ಅವತ್ತು ಮನೆಗೆ ದೊಡ್ಡ ಮೀನು ಬಂದಿತ್ತು. ಕಣ್ಣು ಹೊಳೀತಿತ್ತು, ಕಿವಿರು ಕೆಂಪಗಿತ್ತು, ಒಂಚೂರೂ ವಾಸನೆ ಇರಲಿಲ್ಲ. ಅವರಿಗೆ ಇಷ್ಟ ಅಂತ ತಲೆಯ ಭಾಗ ಅವರಿಗೇ ಬಡಿಸಿದೆ. ನಾನು ಬಾಲದ ಕಡೆಯ ಸಣ್ಣ ತುಂಡು ತಿಂದೆ. ಬೆಳಿಗ್ಗೆ ಫ್ರಿಜ್‌ನಿಂದ ನೀರು ತೆಗೆದು ಲೋಟಕ್ಕೆ ಹಾಕಿ ಕೊಟ್ಟರೆ, ಕೆಂಡ ಮುಟ್ಟಿದವರ ಹಾಗೆ ಲೋಟ ಬಿಟ್ಟುಬಿಟ್ಟರು. ಅದು ಉರುಳಿಕೊಂಡು ಮಂಚದ ಕೆಳಗೆ ಹೋಯ್ತು. "ಸುಡೋ ನೀರು ಯಾಕೆ ಕೊಟ್ಟೆ?" ಅಂತ ಕೇಳಿದರು. ಹಲ್ಲೆಲ್ಲ ಸಡಿಲ ಆದ ಹಾಗಿದೆ ಅಂದರು.

ಮೊದಲು ನೋಡಿದ ಡಾಕ್ಟರ್ ಟೆನ್ಶನ್ ಅಂತ ಹೇಳಿ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ಎರಡನೆಯವರು ಕೂರಿಸಿಕೊಂಡು ವಿವರಿಸಿದರು. ಇದಕ್ಕೆ ಸಿಗ್ವಟೆರಾ ಅಂತಾರೆ. ಹವಳದ ದಿಬ್ಬಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತೆ, ವಿಷದ ಮೂಲ ಅದು. ಪಾಚಿಯನ್ನು ಸಣ್ಣ ಮೀನು ತಿನ್ನುತ್ತೆ, ಅದನ್ನು ದೊಡ್ಡ ಮೀನು ತಿನ್ನುತ್ತೆ, ಹಾಗೇ ವಿಷ ಸೇರ್ತಾ ಹೋಗುತ್ತೆ. ತಲೆ, ಪಿತ್ತಜನಕಾಂಗ, ಮೊಟ್ಟೆಯಲ್ಲಿ ಇನ್ನೂ ಜಾಸ್ತಿ. ನಮ್ಮ ನರಕೋಶದ ಗೋಡೆಯಲ್ಲಿ ಸೋಡಿಯಂ ಒಳಗೆ ಬರೋಕೆ ಪುಟ್ಟ ಬಾಗಿಲುಗಳಿವೆ. ತೆರೆದ ಕ್ಷಣದಲ್ಲೇ ಮುಚ್ಚಿಕೊಳ್ಳಬೇಕು. ಈ ವಿಷ ಆ ಬಾಗಿಲಿಗೆ ಅಂಟಿಕೊಂಡು ಮುಚ್ಚೋಕೆ ಬಿಡಲ್ಲ. ಆಗ ನರ ಕಾರಣ ಇಲ್ಲದೆ ಸುದ್ದಿ ಕಳಿಸ್ತಾನೇ ಇರುತ್ತೆ. ಅದಕ್ಕೇ ಆ ಜುಮ್ಮು, ತಣ್ಣಗಿದ್ದದ್ದು ಸುಟ್ಟ ಹಾಗೆ ಆಗೋದು. ಹೆದರಿದರೆ ಚೆಂಡಿನ ಹಾಗೆ ಉಬ್ಬಿಕೊಳ್ಳೋ ಪಫರ್ ಮೀನಿನ ವಿಷದ್ದು ಇದಕ್ಕೆ ಉಲ್ಟಾ. ಅದು ಬಾಗಿಲನ್ನೇ ಅಡ್ಡಗಟ್ಟುತ್ತೆ, ಸುದ್ದಿ ಹೋಗೋದೇ ನಿಂತು ಕೊನೆಗೆ ಉಸಿರಾಟದ ಸ್ನಾಯುಗಳೂ ನಿಲ್ಲುತ್ತವೆ. 1774ರಲ್ಲಿ ಪೆಸಿಫಿಕ್ ಸಾಗರದಲ್ಲಿ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಹಡಗಿನವರೂ ಮೀನು ತಿಂದು ಹೀಗೇ ಒದ್ದಾಡಿದ್ದರಂತೆ. ಅದನ್ನು ಕೇಳಿ ನಿಮ್ಮ ದೊಡ್ಡಪ್ಪನಿಗೆ ಜೀವ ಬಂದ ಹಾಗಾಯ್ತು. ತಲೆ ಕೆಟ್ಟಿಲ್ಲ ಅಂತ ಗೊತ್ತಾಯ್ತಲ್ಲ.

ಆದರೆ ನನ್ನ ಮೇಲೆ ಬಂದ ಮಾತು? ಹಳಸಿದ ಮೀನು ಹಾಕಿ ಗಂಡನನ್ನು ಮಲಗಿಸಿದಳು ಅಂತ ಮನೆಯವರೇ ವರ್ಷಗಟ್ಟಲೆ ಆಡಿದರು. ಯಾರು ಅಂತ ನಿಮಗೆ ಗೊತ್ತು, ಹೆಸರು ಬೇಡ. ನಾನು ಮೂರು ಸಲ ತೊಳೆದ ಮೀನು ಅದು. ಈ ವಿಷಕ್ಕೆ ಬಣ್ಣ, ವಾಸನೆ, ರುಚಿ ಏನೂ ಇಲ್ಲ ಅಂತ ಎಷ್ಟು ಸಲ ಹೇಳಿದೆ! ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ಎರಡು ತಿಂಗಳು ಅವರ ಕೈಗೆ ಬೆಚ್ಚಗಿನ ನೀರೇ ಕೊಟ್ಟಿದ್ದು ಯಾರು ಅಂತಲೂ ಕೇಳಲಿಲ್ಲ. ನಿನಗೂ ಯಾರಾದರೂ ಹಾಗೆ ಅಂದರೆ ನನ್ನ ಹತ್ತಿರ ಕಳಿಸು.

ಮತ್ತೆ ಹೇಳ್ತೀನಿ, ಕುದಿಸಿದರೂ, ಹುರಿದರೂ, ಫ್ರೀಜ್ ಮಾಡಿದರೂ ಈ ವಿಷ ಹೋಗಲ್ಲ. ಉಳಿದದ್ದನ್ನು ಯಾರೂ ಮುಟ್ಟಬೇಡಿ.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು, ನಾಳೆ ನೋಡೋಣ ಅನ್ನಬೇಡ. ಹೋದ ಕೂಡಲೇ ಮೀನು ತಿಂದ ವಿಷಯ ಹೇಳು, ಎಷ್ಟು ಗಂಟೆಗೆ ತಿಂದದ್ದು ಅಂತಲೂ ಹೇಳು. ನಾಡಿ ನಿಧಾನ ಆದರೆ, ಉಸಿರು ಕಷ್ಟ ಆದರೆ ಒಂದು ನಿಮಿಷವೂ ಕಾಯಬೇಡ, ಆಂಬುಲೆನ್ಸ್ ಕರೆಸು. ಇದಕ್ಕೆ ಪ್ರತಿವಿಷ ಇಲ್ಲ, ಡಾಕ್ಟರು ಡ್ರಿಪ್ ಹಾಕಿ ಹೃದಯ, ಉಸಿರು ನೋಡಿಕೊಳ್ಳುತ್ತಾರೆ. ಆಮೇಲೆ ಮೂರರಿಂದ ಆರು ತಿಂಗಳು ಮೀನು, ಮದ್ಯ, ಬಾದಾಮಿ ಗೋಡಂಬಿ ಥರದ ಬೀಜ ಬೇಡ. ಮತ್ತೆ ಕೆರಳುತ್ತೆ. ಒಂದು ತುಂಡು ಮೀನನ್ನು ಮಾತ್ರ ಕವರಿನಲ್ಲಿ ಕಟ್ಟಿ, ಮೇಲೆ 'ತಿನ್ನಬೇಡಿ' ಅಂತ ಬರೆದು ಫ್ರೀಜರಿನಲ್ಲಿಡು, ಪರೀಕ್ಷೆಗೆ ಕೇಳಬಹುದು.

ಮಕ್ಕಳೂ ತಿಂದಿದ್ದಾರಾ? ಅದನ್ನು ಮೊದಲು ಹೇಳು.